ಹೊಲದ ಮಣ್ಣಿನಲ್ಲಿ ವಿಷಲೋಹಗಳು: ಅವು ಬಂಡೆಯಿಂದ ಇಳಿದು ಬರುವ ಬಗೆ

ಪ್ರತಿವರ್ಷವೂ ಕಾರ್ತಿಕ ಮಾಸದ ಕಡೆಯ ಸೋಮವಾರದಂದು ಬೆಂಗಳೂರಿನ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಯನ್ನು ಅರಿಯದ ರೈತರು ಈ ಸೀಮೆಯಲ್ಲಿ ವಿರಳ. ಸುತ್ತಣ ಜಿಲ್ಲೆಗಳಿಂದ ಬಂದವರು ಹೊಸ ಫಸಲನ್ನು ದೊಡ್ಡ ಬಸವಣ್ಣನಿಗೆ ಅರ್ಪಿಸಿ, ಗುಡಿಯ ಪಕ್ಕದ ಕಹಳೆ ಬಂಡೆಯ ನೆರಳಿನಲ್ಲಿ ದಣಿವಾರಿಸಿಕೊಂಡು ಹೋಗುವರು. ಬಸವಣ್ಣನ ವಿಗ್ರಹವು ಒಂದೇ ಕಲ್ಲಿನಲ್ಲಿ ಕಡೆದದ್ದು. ಕಹಳೆ ಬಂಡೆಯೂ, ಅಲ್ಲಿಗೆ ಸಮೀಪದ ಲಾಲ್‌ಬಾಗಿನ ಗುಡ್ಡವೂ ಒಂದೇ ಕುಲದ ಶಿಲೆಗಳು. ಭೂಗರ್ಭಶಾಸ್ತ್ರಜ್ಞರು ಈ ಶಿಲೆಯನ್ನು ನೈಸ್ ಎಂದು ಕರೆಯುತ್ತಾರೆ. ಲಾಲ್‌ಬಾಗಿನ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷಗಳೆಂದು ಗಣಿಸಲಾಗಿದೆ. ಭಾರತ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯವರು 1975ರಲ್ಲಿ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದರು.

ಈ ಬಂಡೆಗೂ ಪರಿಷೆಗೆ ಬಂದ ಚೀಲದೊಳಗಿನ ಕಡಲೆಕಾಯಿಗೂ ನೇರವಾದ ನಂಟುಂಟು. ಕಡಲೆಕಾಯಿ ಬೆಳೆಯುವ ಗರಸುಮಿಶ್ರಿತ ಕೆಮ್ಮಣ್ಣು ಇಂತಹ ಬಂಡೆಯೇ ಕರಗಿ ಪುಡಿಯಾಗಿ ಆದದ್ದು. ಬಂಡೆಯಲ್ಲಿ ಏನಿತ್ತೋ ಅದರಲ್ಲಿ ಬಹುಪಾಲು ಮಣ್ಣಿಗೆ ಬಂದಿರುವುದು. ಪೈರಿಗೆ ಬೇಕಾದ ಪೊಟ್ಯಾಷ್, ಸುಣ್ಣ, ಕಬ್ಬಿಣ, ಸತುವು ಮೊದಲಾದುವು ಹೀಗೆಯೇ ಬಂದುವು. ಮನುಷ್ಯರಿಗೂ ದನಕರುಗಳಿಗೂ ಕೆಡುಕನ್ನುಂಟುಮಾಡಬಲ್ಲ ಕ್ರೋಮಿಯಂ, ನಿಕ್ಕಲ್, ಸೀಸ, ಕ್ಯಾಡ್ಮಿಯಂಗಳೂ, ಲೋಹದಂತೆಯೇ ವರ್ತಿಸುವ ಆರ್ಸೆನಿಕ್ ಎಂಬ ಪಾಷಾಣವೂ ಇದೇ ದಾರಿಯಲ್ಲಿ ಬಂದವುಗಳೇ ಆಗಿವೆ.

ಈ ವಿಷಯದಲ್ಲಿ ಜನರಲ್ಲಿ ಎರಡು ಬಗೆಯ ತಪ್ಪು ತಿಳಿವಳಿಕೆ ಉಂಟು. ಕಾರ್ಖಾನೆಯಿಲ್ಲದ ಊರಿನಲ್ಲಿ ವಿಷವೆಲ್ಲಿಯದು, ಭೂಮಿಯು ತಾನಾಗಿ ಕೊಟ್ಟದ್ದು ಕೆಡುಕು ಮಾಡಲಾರದು ಎಂಬುದು ಒಂದು. ಮಣ್ಣಿನಲ್ಲಿ ಇಂತಹ ಲೋಹವಿದೆಯೆಂದು ಯಾರಾದರೂ ಹೇಳಿದೊಡನೆ ಆ ಹೊಲವೇ ಕೆಟ್ಟಿತೆಂದು ಭಯಪಡುವುದು ಮತ್ತೊಂದು. ಮೊದಲನೆಯದು ಅಜಾಗರೂಕತೆಗೂ, ಎರಡನೆಯದು ವೃಥಾ ನಷ್ಟಕ್ಕೂ ಕಾರಣವಾಗುವುದು. ಮಣ್ಣಿನಲ್ಲಿ ಎಷ್ಟು ಲೋಹವಿರಬೇಕೆಂಬುದನ್ನು ಬಂಡೆಯ ಕುಲವು ನಿರ್ಣಯಿಸುವುದು. ಅದರಲ್ಲಿ ಎಷ್ಟು ನಮ್ಮ ಗಡಿಗೆಗೂ ಕಾಳಿಗೂ ಬರಬೇಕೆಂಬುದನ್ನು ಮಣ್ಣಿನ ಗುಣ, ನೀರು ಮತ್ತು ಬೇಸಾಯಗಾರನ ನಡವಳಿಕೆ ನಿರ್ಣಯಿಸುವುವು. ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ಈ ಎರಡನ್ನೂ ಬೇರ್ಪಡಿಸಿ ಅರಿತರೆ, ಎಲ್ಲಿ ಎಚ್ಚರವಹಿಸಬೇಕು, ಎಲ್ಲಿ ನಿಶ್ಚಿಂತರಾಗಿರಬಹುದು ಎಂಬುದು ತಾನಾಗಿಯೇ ತಿಳಿಯುವುದು.

ಬಂಡೆಯು ಮಣ್ಣಾಗುವ ಬಗೆ

ಚಾಮರಾಜಪೇಟೆಯಲ್ಲಾಗಲಿ ಮಲ್ಲೇಶ್ವರದಲ್ಲಾಗಲಿ ಹಳೆಯ ಮನೆಯ ಹಿತ್ತಲಿನಲ್ಲಿ ತೋಡಿದ ಬಾವಿಯ ಗೋಡೆಯನ್ನು ನೋಡಿದವರಿಗೆ ಈ ಸಂಗತಿಯನ್ನು ವಿವರಿಸಬೇಕಾದ್ದಿಲ್ಲ. ಮೇಲೆ ಕೆಲವು ಅಡಿಗಳವರೆಗೆ ಕೆಮ್ಮಣ್ಣು, ಅದರ ಕೆಳಗೆ ಗರಸು, ಅದಕ್ಕೂ ಕೆಳಗೆ, ನೋಡುವುದಕ್ಕೆ ಕಲ್ಲಿನಂತೆಯೇ ಪಟ್ಟೆಪಟ್ಟೆಯಾಗಿದ್ದರೂ ಕೈಯಿಂದ ಹಿಸುಕಿದರೆ ಉದುರುವ ಮೆತುಗಲ್ಲು, ಕಟ್ಟಕಡೆಗೆ ಗಟ್ಟಿಬಂಡೆ. ಇವು ಬೇರೆ ಬೇರೆ ವಸ್ತುಗಳಲ್ಲ. ಒಂದೇ ಬಂಡೆಯು ಕೆಳಗಿನಿಂದ ಮೇಲಕ್ಕೆ ಹಂತಹಂತವಾಗಿ ಮಣ್ಣಾಗುತ್ತಿರುವುದನ್ನು ಬಾವಿಯು ಒಂದೇ ನೋಟಕ್ಕೆ ತೋರಿಸುತ್ತದೆ.

ಈ ಕೆಲಸವನ್ನು ಮಾಡತಕ್ಕವು ಬಿಸಿಲು, ಮಳೆ, ಗಾಳಿ, ಬೇರು ಮತ್ತು ಕಣ್ಣಿಗೆ ಕಾಣದ ಜೀವಾಣುಗಳು. ಹಗಲಿನ ಕಾವಿಗೆ ಹಿಗ್ಗಿ ರಾತ್ರಿಯ ತಂಪಿಗೆ ಕುಗ್ಗುವ ಬಂಡೆಯಲ್ಲಿ ಸಣ್ಣ ಬಿರುಕುಗಳುಂಟಾಗುವುವು. ಮಳೆಯ ನೀರು ಆಕಾಶದಿಂದಲೂ, ಬೇರುಗಳ ಉಸಿರಿನಿಂದಲೂ ಇಂಗಾಲಾಮ್ಲ ವಾಯುವನ್ನು ಹೀರಿಕೊಂಡು ಸ್ವಲ್ಪ ಹುಳಿಯಾಗಿ ಈ ಬಿರುಕುಗಳೊಳಗೆ ಇಳಿಯುವುದು. ಬಂಡೆಯ ಮೇಲೆ ಅಂಟಿಕೊಂಡು ಬೆಳೆಯುವ ಕಲ್ಲುಹೂವು ಕೂಡ ಹುಳಿಯಾದ ರಸವನ್ನು ಒಸರಿ ಕಲ್ಲನ್ನು ಕೊರೆಯುವುದು. ನೈಸ್ ಶಿಲೆಯಲ್ಲಿ ಮುಖ್ಯವಾಗಿ ಬೆಣಚು, ಫೆಲ್ಸ್‌ಪಾರ್ ಮತ್ತು ಕರಿಯ ಕಾಗೆಬಂಗಾರ ಎಂಬ ಮೂರು ಖನಿಜಗಳಿರುವುವು. ಬೆಣಚು ಕರಗದೆ ಮರಳಾಗಿ ಉಳಿಯುವುದು. ಫೆಲ್ಸ್‌ಪಾರ್ ಕರಗಿ ಜೇಡಿಯಾಗುವುದು. ಕಾಗೆಬಂಗಾರದೊಳಗಿನ ಕಬ್ಬಿಣವು ಗಾಳಿಗೆ ತುಕ್ಕುಹಿಡಿದು ಮಣ್ಣಿಗೆ ಕೆಂಪುಬಣ್ಣವನ್ನು ಕೊಡುವುದು. ಒಂದು ಅಂಗುಲ ಮಣ್ಣಾಗುವುದಕ್ಕೆ ನೂರಾರು ವರ್ಷಗಳೇ ಹಿಡಿಯುವುವು.

ಖನಿಜವು ಒಡೆದಾಗ ಅದರೊಳಗೆ ಸೆರೆಯಾಗಿದ್ದ ಲೋಹಗಳಿಗೆ ಬಿಡುಗಡೆಯಾಗುವುದು. ಸುಲಭವಾಗಿ ಕರಗುವವು ನೀರಿನೊಡನೆ ಬಾವಿಗೂ ಹಳ್ಳಕ್ಕೂ ಹೋಗುವುವು. ಸುಲಭವಾಗಿ ಕರಗದವು ಜೇಡಿಯ ಕಣಗಳಿಗೂ ಕಬ್ಬಿಣದ ತುಕ್ಕಿಗೂ ಅಂಟಿಕೊಂಡು ಅಲ್ಲಿಯೇ ನಿಲ್ಲುವುವು. ಬೆಲ್ಲದ ಪಾಕವನ್ನು ಕಾಯಿಸಿದಾಗ ನೀರು ಹೋಗಿ ಸಾರ ಉಳಿಯುವಂತೆ, ಸುಣ್ಣ ಮತ್ತು ಸೋಡದಂತಹ ಕರಗುವ ಅಂಶಗಳು ಕೊಚ್ಚಿಹೋದ ಮಣ್ಣಿನಲ್ಲಿ ಇಂತಹ ಲೋಹಗಳ ಪ್ರಮಾಣವು ಮೂಲ ಬಂಡೆಯಲ್ಲಿದ್ದುದಕ್ಕಿಂತ ಹೆಚ್ಚಾಗುವುದೂ ಉಂಟು. ಮಲೆನಾಡಿನ ಜಂಬಿಟ್ಟಿಗೆ ನೆಲವು ಇದಕ್ಕೆ ಉದಾಹರಣೆ. ಮಳೆಗೆ ಮಣ್ಣು ಕೊಚ್ಚಿ ಬಂದಾಗ ಜೇಡಿಯೊಡನೆ ಅದಕ್ಕಂಟಿದ ಲೋಹವೂ ದಿಣ್ಣೆಯಿಂದ ತಗ್ಗಿಗೆ ಇಳಿದು, ಕೆರೆಯ ಹೂಳಿನಲ್ಲಿ ಸೇರುವುದು. ಆದಕಾರಣ ಬಂಡೆ ಇರುವುದು ಒಂದು ಊರಿನ ಗುಡ್ಡದಲ್ಲಾದರೂ ಅದರ ಗುಣವು ಮತ್ತೊಂದು ಊರಿನ ಅಚ್ಚುಕಟ್ಟಿನಲ್ಲಿ ಕಾಣಿಸಿಕೊಳ್ಳಬಹುದು.

ಬಂಡೆಯ ಕುಲವೂ ಲೋಹದ ಪ್ರಮಾಣವೂ

ರಾಸಾಯನಿಕರು ಇಂತಹ ಲೋಹಗಳನ್ನು ಹತ್ತು ಲಕ್ಷಕ್ಕೆ ಇಷ್ಟು ಭಾಗವೆಂದು ಅಳೆಯುವರು. ಬೇಸಾಯಗಾರನಿಗೆ ಈ ಲೆಕ್ಕವನ್ನು ಎಕರೆಗೆ ತಿರುಗಿಸಿ ಹೇಳುವುದು ಮೇಲು. ಒಂದು ಎಕರೆಯ ಮೇಲ್ಮಣ್ಣು, ಆರು ಅಂಗುಲ ಆಳದವರೆಗೆ, ಸುಮಾರು 9 ಲಕ್ಷ ಕಿಲೋಗ್ರಾಂ ತೂಗುವುದು. ಆದುದರಿಂದ ಹತ್ತು ಲಕ್ಷಕ್ಕೆ 1 ಭಾಗವೆಂದರೆ ಎಕರೆಗೆ ಸುಮಾರು 900 ಗ್ರಾಂ ಎಂದಾಯಿತು.

ಗ್ರಾನೈಟ್ ಜಾತಿಯ ಶಿಲೆಗಳಲ್ಲಿ ನಿಕ್ಕಲ್ ಹತ್ತು ಲಕ್ಷಕ್ಕೆ ಸುಮಾರು 10 ಭಾಗದ ಆಸುಪಾಸಿನಲ್ಲಿಯೂ, ಕ್ರೋಮಿಯಂ 10ರಿಂದ 20 ಭಾಗದ ಆಸುಪಾಸಿನಲ್ಲಿಯೂ ಇರುವುದು ಸಾಮಾನ್ಯ. ಬಸವನಗುಡಿಯ ಬಂಡೆಯೂ, ಬೆಂಗಳೂರು ಸುತ್ತಣ ಕೆಮ್ಮಣ್ಣಿನ ತಾಯಿಶಿಲೆಯೂ ಈ ಬಡವರ್ಗಕ್ಕೆ ಹತ್ತಿರವಾದವು. ಉತ್ತರ ಕರ್ನಾಟಕದ ಎರೆಭೂಮಿಗೆ ತಾಯಿಯಾದ ಬಸಾಲ್ಟ್ ಎಂಬ ಕರಿಕಲ್ಲಿನಲ್ಲಿ ಇವೆರಡೂ ನೂರನ್ನು ಮೀರುವುದುಂಟು. ತಾಮ್ರವೂ ಗ್ರಾನೈಟಿಗಿಂತ ಹಲವು ಪಟ್ಟು ಹೆಚ್ಚು. ಇವೆಲ್ಲವನ್ನೂ ಮೀರಿಸುವ ಮೂರನೆಯ ಕುಲವೊಂದುಂಟು. ಅದು ಮೆಗ್ನೀಸಿಯಂ ಅಧಿಕವಾಗಿರುವ, ಹಸುರುಮಿಶ್ರ ಕಪ್ಪುಬಣ್ಣದ, ಮುಟ್ಟಿದರೆ ಜಾರುವಂತಿರುವ ಶಿಲೆಗಳ ಕುಲ. ಇವುಗಳಲ್ಲಿ ನಿಕ್ಕಲ್ ಮತ್ತು ಕ್ರೋಮಿಯಂಗಳು ತಲಾ ಸುಮಾರು 2,000 ಭಾಗದವರೆಗೂ, ಅದಕ್ಕಿಂತ ಹೆಚ್ಚಾಗಿಯೂ ಇರುವುವು. ಅಂದರೆ, ಒಂದು ಕಡೆ ಎಕರೆಗೆ 9 ಕಿಲೋಗ್ರಾಂ ನಿಕ್ಕಲ್ ಇದ್ದರೆ ಮತ್ತೊಂದು ಕಡೆ 18 ಕ್ವಿಂಟಾಲ್! ಒಂದೇ ಜಿಲ್ಲೆಯ ಎರಡು ಹೊಲಗಳಲ್ಲಿ, ಕಾರ್ಖಾನೆಯ ಒಂದು ಹನಿ ನೀರೂ ಸೋಕದೆ, ಇಷ್ಟು ವ್ಯತ್ಯಾಸವಾಗಬಹುದು.

ಹಾಗೆಂದು ಗ್ರಾನೈಟ್ ಕುಲವು ಸರ್ವಥಾ ನಿರ್ದೋಷಿಯೆಂದು ಹೇಳುವಂತಿಲ್ಲ. ಸೀಸ ಮತ್ತು ಯುರೇನಿಯಂಗಳು ಗ್ರಾನೈಟಿನಲ್ಲಿಯೇ ಹೆಚ್ಚು. ಪ್ರತಿಯೊಂದು ಕುಲಕ್ಕೂ ಅದರದರ ದೋಷವುಂಟು.

ನುಗ್ಗೇಹಳ್ಳಿಯ ಸಾಲು

ಮೂರನೆಯ ಕುಲದ ಶಿಲೆಗಳನ್ನು ನಮ್ಮ ರಾಜ್ಯದಲ್ಲಿ ಕಾಣಬೇಕೆನ್ನುವವರು ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಕಡೆಗೆ ಹೋಗಬೇಕು. ಅಲ್ಲಿ ಸುಮಾರು 60 ಕಿಲೋಮೀಟರು ಉದ್ದದ ಒಂದು ಕಿರಿದಾದ ಶಿಲಾಸಾಲು ನೈಸ್ ಶಿಲೆಯ ನಡುವೆ ಹುದುಗಿಕೊಂಡಿದೆ. ಭೈರಾಪುರ, ತಗಡೂರು, ಜಂಬೂರು ಮೊದಲಾದ ಕಡೆಗಳಲ್ಲಿ ಕ್ರೋಮೈಟ್ ಅದಿರನ್ನು ತೆಗೆದದ್ದು ಈ ಸಾಲಿನಲ್ಲಿಯೇ. ಮೈಸೂರಿಗೆ ಸಮೀಪದ ಸಿಂಧುವಳ್ಳಿಯಲ್ಲಿ ಕ್ರೋಮೈಟ್, ದೊಡ್ಡಕನ್ಯದಲ್ಲಿ ಮ್ಯಾಗ್ನೆಸೈಟ್ ದೊರೆತದ್ದೂ ಇದೇ ಕುಲದ ಶಿಲೆಗಳಲ್ಲಿ.

ಈ ಕುಲವನ್ನು ಗುರುತಿಸುವುದಕ್ಕೆ ಹಳ್ಳಿಯವರಿಗೆ ತಿಳಿದ ಒಂದು ಲಕ್ಷಣವುಂಟು. ಮಕ್ಕಳು ಸ್ಲೇಟಿನ ಮೇಲೆ ಬರೆಯುತ್ತಿದ್ದ ಬಳಪದ ಕಲ್ಲು ಈ ಬಗೆಯ ಮೆಗ್ನೀಸಿಯಂ ಶಿಲೆಗಳು ರೂಪಾಂತರ ಹೊಂದಿದಾಗ ಆಗುವಂಥದು. ಊರಿನ ಹಳ್ಳದಲ್ಲಿಯೋ ದಿಣ್ಣೆಯಲ್ಲಿಯೋ ಬಳಪದ ಕಲ್ಲು ಸಿಕ್ಕುತ್ತಿದ್ದರೆ, ಆ ನೆಲದಲ್ಲಿ ಕ್ರೋಮಿಯಂ ಮತ್ತು ನಿಕ್ಕಲ್ ಹೆಚ್ಚಾಗಿರಬಹುದೆಂದು ಊಹಿಸಿ ಪರೀಕ್ಷೆ ಮಾಡಿಸುವುದು ಯುಕ್ತ. ಕಲ್ಲೊಂದೇ ನಿಶ್ಚಿತ ಪ್ರಮಾಣವಲ್ಲವಾದರೂ ಒಳ್ಳೆಯ ಸುಳಿವೆಂಬುದರಲ್ಲಿ ಸಂದೇಹವಿಲ್ಲ.

ಇಂತಹ ಮಣ್ಣಿನ ಹೊಲದಲ್ಲಿ ಪೈರು ಗಿಡ್ಡಾಗಿ, ಎಲೆಯ ನರಗಳ ನಡುವೆ ಹಳದಿ ತಿರುಗುವುದನ್ನು ಕಾಣಬಹುದು. ರೈತನು ಇದನ್ನು ಗೊಬ್ಬರದ ಕೊರತೆಯೆಂದು ಭಾವಿಸಿ ಯೂರಿಯವನ್ನು ಸುರಿಯುವನು; ಗುಣ ಕಾಣುವುದಿಲ್ಲ. ನಿಜವಾದ ಕಾರಣಗಳು ಮೂರು. ಮಣ್ಣಿನಲ್ಲಿ ಮೆಗ್ನೀಸಿಯಂ ಅತಿಯಾಗಿ, ಸುಣ್ಣದ ಅಂಶ ಕಡಮೆಯಾಗಿರುವುದು ಒಂದು. ಪೊಟ್ಯಾಷ್ ಮತ್ತು ರಂಜಕಗಳು ಸಾಲದಿರುವುದು ಎರಡು. ನಿಕ್ಕಲ್ ಅಧಿಕವಾಗಿ, ಪೈರು ಕಬ್ಬಿಣವನ್ನು ಬಳಸಿಕೊಳ್ಳದಂತೆ ಅಡ್ಡಿಮಾಡುವುದು ಮೂರು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ನುಗ್ಗೇಹಳ್ಳಿಯ ಕ್ರೋಮೈಟ್ ಗಣಿಗಳ ಸುತ್ತಣ ಮಣ್ಣನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕ್ರೋಮಿಯಂ, ನಿಕ್ಕಲ್, ಕೋಬಾಲ್ಟ್‌ಗಳು ಅಧಿಕವಾಗಿರುವುದನ್ನು ತೋರಿಸಿರುವರು. ಬಂಡೆಯು ತಾನಾಗಿ ಕರಗಿ ಮಣ್ಣಾಗುವಾಗ ಶತಮಾನಗಳಲ್ಲಿ ಆಗುವ ಕೆಲಸವನ್ನು ಗಣಿಯು ಕೆಲವೇ ವರ್ಷಗಳಲ್ಲಿ ಮಾಡಿಬಿಡುವುದು. ಆಳದ ಕಲ್ಲನ್ನು ಮೇಲಕ್ಕೆ ತಂದು, ಪುಡಿಮಾಡಿ, ಮಳೆಗೆ ಬಯಲಾಗಿ ರಾಶಿಹಾಕಿದ ಮೇಲೆ ನೀರು ಒಳಹೋಗುವುದಕ್ಕೆ ಬಿರುಕನ್ನು ಹುಡುಕಬೇಕಾದ್ದಿಲ್ಲ.

ಕ್ರೋಮಿಯಂ ವಿಷಯದಲ್ಲಿ ಒಂದು ಭೇದವನ್ನು ಅರಿತಿರಬೇಕು. ಬಂಡೆಯಿಂದ ಬರುವ ಕ್ರೋಮಿಯಂ ಬಹುಮಟ್ಟಿಗೆ ನೀರಿನಲ್ಲಿ ಕರಗದ ರೂಪದಲ್ಲಿರುವುದು. ಅದರಿಂದ ಅಪಾಯ ಅಲ್ಪ. ಮಣ್ಣಿನಲ್ಲಿರುವ ಮ್ಯಾಂಗನೀಸಿನ ಕರಿಯ ತುಕ್ಕಿನ ಸಂಪರ್ಕದಿಂದ ಅದರಲ್ಲಿ ಸ್ವಲ್ಪಭಾಗವು ಕರಗುವ, ವಿಷಕರವಾದ ರೂಪಕ್ಕೆ ತಿರುಗುವುದುಂಟು. ಕೊಳೆತ ಎಲೆಗೊಬ್ಬರ ಮತ್ತು ಕೊಟ್ಟಿಗೆ ಗೊಬ್ಬರಗಳು ಈ ವಿಷರೂಪವನ್ನು ಮರಳಿ ಕರಗದ ರೂಪಕ್ಕೆ ತಿರುಗಿಸುವುವು. ಗೊಬ್ಬರದ ಗುಂಡಿಯು ಪೈರಿಗೆ ಆಹಾರವನ್ನೊದಗಿಸುವುದಲ್ಲದೆ ಬಾವಿಗೆ ಕಾವಲನ್ನೂ ಕೊಡುವುದೆಂದರೆ ತಪ್ಪಾಗದು.

ಚಿನ್ನದ ಶಿಲೆಯೊಳಗಣ ಪಾಷಾಣ

ಲೋಹವು ಮಣ್ಣಿನಲ್ಲಿ ನಿಂತರೆ ಪೈರು ಸೊರಗುವುದು. ಕುಡಿಯುವ ನೀರಿಗೆ ಇಳಿದರೆ ಜನವೇ ಸೊರಗುವುದು. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡದಲ್ಲಿ ನಡೆದದ್ದು ಇದೇ. ಈ ತಾಂಡವಿರುವುದು ಮಂಗಳೂರು ಎಂಬ ಹಳ್ಳಿಯ ಹೆಸರಿನಿಂದ ಕರೆಯಲ್ಪಡುವ ಶಿಲಾಸಾಲಿನಲ್ಲಿ. ಇದು ಕಡಲತೀರದ ಮಂಗಳೂರಲ್ಲ. ಹಿಂದೆ ಅಲ್ಲಿ ಚಿನ್ನದ ಗಣಿ ನಡೆದು ನಿಂತುಹೋಗಿತ್ತು. ಚಿನ್ನವಿರುವ ಇಂತಹ ಶಿಲೆಗಳಲ್ಲಿ ಕಬ್ಬಿಣ, ಗಂಧಕ ಮತ್ತು ಪಾಷಾಣಗಳು ಕೂಡಿದ ಒಂದು ಖನಿಜವು ಸೇರಿಕೊಂಡಿರುವುದು ಸಾಮಾನ್ಯ. ಗಾಳಿಯೂ ನೀರೂ ತಗುಲಿದರೆ ಅದರ ಗಂಧಕವು ತೀಕ್ಷ್ಣವಾದ ಆಮ್ಲವಾಗುವುದು; ಪಾಷಾಣವು ಬಿಡುಗಡೆಯಾಗಿ ನೀರಿಗೆ ಸೇರುವುದು.

ತಾಂಡದವರು ಕೊಳವೆಬಾವಿಯ ನೀರನ್ನು ಕುಡಿಯುತ್ತಿದ್ದರು. ನೀರು ತಿಳಿಯಾಗಿದ್ದಿತು, ಪಾಷಾಣಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಕಾಲಕ್ರಮದಲ್ಲಿ ಜನರ ಅಂಗೈ ಅಂಗಾಲುಗಳ ಚರ್ಮವು ಗಂಟುಗಂಟಾಗಿ ಗಟ್ಟಿಯಾಯಿತು; ಮೈಮೇಲೆ ಕಲೆಗಳೆದ್ದುವು. ವೈದ್ಯರೂ ರಾಸಾಯನಿಕರೂ ಪರೀಕ್ಷೆ ನಡೆಸಿ 2013ರಲ್ಲಿ ಪ್ರಕಟಿಸಿದ ವರದಿಯಂತೆ, ಪರೀಕ್ಷಿಸಲ್ಪಟ್ಟ ತಾಂಡದ ನಿವಾಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಪಾಷಾಣದಿಂದಾದ ಚರ್ಮದ ಗಾಯಗಳಿದ್ದುವು. ಕುಡಿಯುವ ನೀರಿನಲ್ಲಿ ಪಾಷಾಣಕ್ಕೆ ವಿಶ್ವ ಆರೋಗ್ಯ ಸಂಸ್ಥೆಯವರು ಗೊತ್ತುಮಾಡಿರುವ ಮಿತಿಯು ಲೀಟರಿಗೆ 0.01 ಮಿಲಿಗ್ರಾಂ ಮಾತ್ರ. ಬಂಗಾಳದಲ್ಲಿ 1983ರಿಂದೀಚೆಗೆ ಬೆಳಕಿಗೆ ಬಂದ ಪಾಷಾಣದ ಪೀಡೆಯೂ ಮೂಲತಃ ಬಂಡೆಯಿಂದಲೇ ಬಂದದ್ದು. ಹಿಮಾಲಯದ ಶಿಲೆಗಳು ಸವೆದು, ಗಂಗೆಯೊಡನೆ ಇಳಿದ ಹೂಳಿನೊಳಗಿನಿಂದ ಪಾಷಾಣವು ಕೊಳವೆಬಾವಿಗಳಿಗೆ ಬಂದಿತು. ಬಂಡೆಗೂ ಬಾವಿಗೂ ನೂರಾರು ಹರದಾರಿ ಅಂತರವಿದ್ದರೂ ಋಣ ತೀರಲಿಲ್ಲ.

ಗ್ರಾನೈಟ್ ಸೀಮೆಯವರು ಇದನ್ನೋದಿ ಸಮಾಧಾನಪಟ್ಟುಕೊಳ್ಳುವಂತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ರಾಜ್ಯದ ಪೂರ್ವಭಾಗದ 73 ಗ್ರಾಮಗಳ ಅಂತರ್ಜಲವನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ವರದಿಯಲ್ಲಿ, 57 ಗ್ರಾಮಗಳ ನೀರಿನಲ್ಲಿ ಯುರೇನಿಯಂ ಪ್ರಮಾಣವು ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಾದ ಲೀಟರಿಗೆ 0.03 ಮಿಲಿಗ್ರಾಮನ್ನು ಮೀರಿತ್ತೆಂದು ತಿಳಿಸಿರುವರು. ಇದರ ಮೂಲ ಗಣಿಯೂ ಅಲ್ಲ, ಕಾರ್ಖಾನೆಯೂ ಅಲ್ಲ. ಗ್ರಾನೈಟಿನೊಳಗಿದ್ದ ಯುರೇನಿಯಂ, ಗಾಳಿಯ ಸಂಪರ್ಕವುಳ್ಳ ಸವುಳು ನೀರಿನಲ್ಲಿ ಸುಲಭವಾಗಿ ಕರಗಿ ಬರುವುದು. ತೋಡುಬಾವಿಗಳು ಬತ್ತಿ, ಜನರು ಬಂಡೆಯ ಬಿರುಕಿನ ಹಳೆಯ ನೀರನ್ನು ಸಾವಿರ ಅಡಿಯ ಆಳದಿಂದ ಎತ್ತಲಾರಂಭಿಸಿದ ಮೇಲೆ ಈ ತೊಂದರೆಗೆ ಹೆಚ್ಚು ಅವಕಾಶವಾಗಿದೆ.

ಇದ್ದರೂ ಎಟುಕದ ಲೋಹ

ಹಗೇವಿನಲ್ಲಿ ನೂರು ಪಲ್ಲ ಜೋಳವಿದ್ದರೂ ಅದರ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದ್ದರೆ ಹಸಿದವನಿಗೆ ಒಂದು ಕಾಳೂ ದೊರೆಯದು. ಮಣ್ಣಿನೊಳಗಿನ ಲೋಹದ ಸ್ಥಿತಿಯೂ ಹೀಗೆಯೇ. ಒಟ್ಟು ಎಷ್ಟಿದೆಯೆಂಬುದು ಬೇರೆ. ಬೇರಿಗೆ ಎಷ್ಟು ಸಿಕ್ಕುವುದೆಂಬುದು ಬೇರೆ. ಎರೆಭೂಮಿಯ ತಾಯಿಶಿಲೆಯಲ್ಲಿ ಸತುವು ಸಾಕಷ್ಟು ಇದ್ದರೂ, ಆ ಮಣ್ಣಿನ ಕ್ಷಾರಗುಣದಿಂದ ಅದು ಬೀಗ ಹಾಕಿದಂತಾಗಿ, ಪೈರಿಗೆ ಸತುವಿನ ಸಲ್ಫೇಟನ್ನು ಹೊರಗಿನಿಂದ ಕೊಡಬೇಕಾಗಿ ಬಂದಿರುವುದು ಅನುಭವದ ಮಾತು.

ಈ ಬೀಗದ ಕೀಲಿಗಳಲ್ಲಿ ಮೊದಲನೆಯದು ಮಣ್ಣಿನ ಹುಳಿಗುಣ. ನಿಕ್ಕಲ್, ಸೀಸ, ಕ್ಯಾಡ್ಮಿಯಂ, ಸತುವು, ತಾಮ್ರ ಇವು ಹುಳಿಮಣ್ಣಿನಲ್ಲಿ ಸಡಿಲವಾಗಿ ಬೇರಿಗೆ ಸಿಕ್ಕುವುವು. ಸುಣ್ಣ ಹಾಕಿ ಹುಳಿಯನ್ನು ಮುರಿದರೆ ಬಿಗಿಯಾಗುವುವು. ಪಾಷಾಣ, ಯುರೇನಿಯಂ ಮತ್ತು ವಿಷರೂಪದ ಕ್ರೋಮಿಯಂಗಳ ನಡತೆ ಇದಕ್ಕೆ ವಿರುದ್ಧ. ಕ್ಷಾರಗುಣ ಹೆಚ್ಚಾದಂತೆ ಅವು ಸಡಿಲವಾಗುವುವು. ಆದಕಾರಣ ಸುಣ್ಣವು ಸರ್ವರೋಗಕ್ಕೂ ಮದ್ದೆಂದು ಭಾವಿಸತಕ್ಕದ್ದಲ್ಲ. ಯಾವ ಲೋಹವೆಂದು ತಿಳಿದ ಮೇಲೆಯೇ ಚಿಕಿತ್ಸೆ.

ಎರಡನೆಯ ಕೀಲಿಯು ನೀರು. ಗದ್ದೆಯಲ್ಲಿ ನೀರು ನಿಂತು ಗಾಳಿಯಾಡದಿದ್ದರೆ ಕಬ್ಬಿಣದ ತುಕ್ಕು ಕರಗುವುದು. ಅದು ಹಿಡಿದುಕೊಂಡಿದ್ದ ಪಾಷಾಣವು ಬಿಡುಗಡೆಯಾಗಿ ಭತ್ತದ ಬೇರಿಗೆ ಸಿಕ್ಕುವುದು. ಇಂತಹ ನೆಲದಲ್ಲಿ ರಾಗಿ, ಜೋಳಗಳಂತಹ ಒಣಬೇಸಾಯದ ಬೆಳೆಗಳು ಭತ್ತಕ್ಕಿಂತ ಕ್ಷೇಮ. ಮೂರನೆಯ ಕೀಲಿಯು ಬೆಳೆಯ ಜಾತಿ. ಸಾಮಾನ್ಯವಾಗಿ ಸೊಪ್ಪುಗಳು ಲೋಹವನ್ನು ಹೆಚ್ಚು ಎಳೆದುಕೊಳ್ಳುವುವು. ಕಾಳಿಗೆ ಬರುವುದು ಕಡಮೆ. ಕಡಲೆಕಾಯಿಯು ಮಣ್ಣಿನೊಳಗೇ ಬಲಿಯುವುದರಿಂದ ಅದರ ಸಿಪ್ಪೆಯೂ ನೇರವಾಗಿ ಮಣ್ಣಿನ ಸುಣ್ಣವನ್ನು ಹೀರುವುದು. ಜಿಪ್ಸಂ ಹಾಕಿದ ಹೊಲದಲ್ಲಿ ಕಾಯಿ ತುಂಬಿ ಬರುವುದು ಇದರಿಂದಲೇ.

ಮನುಷ್ಯರು ಸೇರಿಸುವ ಲೋಹ

ಬಂಡೆಯ ಮೇಲೆ ಎಲ್ಲ ಹೊಣೆಯನ್ನೂ ಹೊರಿಸುವುದು ನ್ಯಾಯವಲ್ಲ. ದೊಡ್ಡ ಬಸವಣ್ಣನ ಪಾದದ ಬಳಿ ಹುಟ್ಟುವುದೆಂಬ ಪ್ರತೀತಿಯುಳ್ಳ ವೃಷಭಾವತಿಯು ಬೆಂಗಳೂರಿನ ಪಶ್ಚಿಮಭಾಗದ ಚರಂಡಿ ನೀರನ್ನೂ ಕಾರ್ಖಾನೆಗಳ ಕೊಳೆಯನ್ನೂ ಹೊತ್ತು ಬಿಡದಿಯ ಬಳಿಯ ಬೈರಮಂಗಲದ ಕೆರೆಗೆ ಹೋಗುವುದು. ಆ ಕೊಳ್ಳದ ಲೋಹಗಳಿಗೆ ಮೂಲ ಪಟ್ಟಣ, ಬಸವನಗುಡಿಯ ಬಂಡೆಯಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ಮೈಸೂರು ಸಂಸ್ಥಾನದಲ್ಲಿ ರೂಢಿಗೆ ತಂದವರು ವ್ಯವಸಾಯ ಇಲಾಖೆಯ ಪ್ರಥಮ ಡೈರೆಕ್ಟರಾಗಿದ್ದ ಲೆಸ್ಲಿ ಕೋಲ್ಮನ್ ಅವರು. ಇದರಿಂದ ತೋಟಗಳು ಉಳಿದುವು. ವರ್ಷವರ್ಷವೂ ಹನಿಯುವ ತಾಮ್ರವು ಮೇಲ್ಮಣ್ಣಿನಲ್ಲಿ ಶೇಖರವಾಗುವುದೂ ನಿಜ. ಔಷಧವೂ ವಿಷವೂ ಆಗುವುದು ಪ್ರಮಾಣದಿಂದ.

ಬಂಡೆಯಿಂದ ಬಂದದ್ದೋ ಮನುಷ್ಯನಿಂದ ಬಂದದ್ದೋ ಎಂಬುದನ್ನು ತಿಳಿಯುವುದಕ್ಕೆ ಸುಲಭವಾದ ಒಂದು ಉಪಾಯವುಂಟು. ಮೇಲ್ಮಣ್ಣಿನಿಂದಲೂ, ಮೂರು ನಾಲ್ಕು ಅಡಿ ಆಳದಿಂದಲೂ ಬೇರೆ ಬೇರೆಯಾಗಿ ಮಾದರಿ ತೆಗೆದು ಪರೀಕ್ಷಿಸಬೇಕು. ಆಳದಲ್ಲಿಯೂ ಲೋಹ ಅಷ್ಟೇ ಇದ್ದರೆ ಅಥವಾ ಹೆಚ್ಚಿದ್ದರೆ ಅದು ಬಹುಶಃ ಬಂಡೆಯದು. ಮೇಲೆ ಮಾತ್ರ ಹೆಚ್ಚಿದ್ದರೆ ಬಹುಶಃ ಹೊರಗಿನಿಂದ ಬಂದದ್ದು.

ಗ್ರಾಮಮುಖ್ಯಸ್ಥರೂ ಜಮೀನುದಾರರೂ ಮಾಡತಕ್ಕ ಕಾರ್ಯಗಳು

1. ಊರಿನ ಕಲ್ಲನ್ನು ಅರಿಯುವುದು. ಎಲ್ಲೆಯೊಳಗಿನ ಗುಡ್ಡ, ಹಳ್ಳ, ಬಾವಿಗಳಲ್ಲಿ ಯಾವ ಕಲ್ಲಿದೆಯೆಂದು ನೋಡತಕ್ಕದ್ದು. ಬಳಪದ ಕಲ್ಲು, ಹಸುರುಗಪ್ಪು ಜಾರುಗಲ್ಲು, ಹಳೆಯ ಗಣಿ, ತುಕ್ಕುಬಣ್ಣದ ನೀರು ಒಸರುವ ಜಾಗ, ಇವುಗಳಲ್ಲಿ ಯಾವುದಾದರೂ ಇದ್ದರೆ ಗುರುತುಮಾಡಿಡತಕ್ಕದ್ದು.

2. ಮಣ್ಣು ಆರೋಗ್ಯ ಚೀಟಿಯ ಮಿತಿಯನ್ನು ತಿಳಿಯುವುದು. 2015ರಲ್ಲಿ ಆರಂಭವಾದ ಈ ಯೋಜನೆಯ ಚೀಟಿಯಲ್ಲಿ 12 ಅಂಶಗಳ ವಿವರವಿರುವುದು. ಅವುಗಳಲ್ಲಿ ಸತುವು, ಕಬ್ಬಿಣ, ತಾಮ್ರ, ಮ್ಯಾಂಗನೀಸ್ ಸೇರಿವೆ. ಕ್ರೋಮಿಯಂ, ನಿಕ್ಕಲ್, ಸೀಸ, ಕ್ಯಾಡ್ಮಿಯಂ, ಪಾಷಾಣಗಳು ಸೇರಿಲ್ಲ. ಚೀಟಿ ಚೆನ್ನಾಗಿದೆಯೆಂದ ಮಾತ್ರಕ್ಕೆ ಇವುಗಳ ವಿಷಯದಲ್ಲಿ ನಿಶ್ಚಿಂತರಾಗುವಂತಿಲ್ಲ. ಸಂದೇಹವಿರುವ ಕಡೆ ಹೋಬಳಿಯ ರೈತ ಸಂಪರ್ಕ ಕೇಂದ್ರದ ಮೂಲಕ ವಿಚಾರಿಸಿ, ಪ್ರತ್ಯೇಕವಾಗಿ ಪರೀಕ್ಷೆ ಮಾಡಿಸತಕ್ಕದ್ದು.

3. ಮಾದರಿಯನ್ನು ಸರಿಯಾಗಿ ತೆಗೆಯುವುದು. ಹೊಲದ ಎಂಟು ಹತ್ತು ಕಡೆ ಆರು ಅಂಗುಲ ಆಳದ ಗುಂಡಿ ತೋಡಿ, ಅದರ ಅಂಚಿನಿಂದ ಮೇಲಿನಿಂದ ಕೆಳಗಿನವರೆಗೆ ಮಣ್ಣನ್ನು ಕೆರೆದು ಕೂಡಿಸಿ, ಅರ್ಧ ಕಿಲೋಗ್ರಾಮಿನಷ್ಟನ್ನು ನೆರಳಿನಲ್ಲಿ ಒಣಗಿಸಬೇಕು. ಲೋಹದ ಪರೀಕ್ಷೆಗಾದರೆ ಗುದ್ದಲಿ ತಗುಲಿದ ಮಣ್ಣನ್ನು ಬಿಟ್ಟು, ಮರದ ಅಥವಾ ಬಿದಿರಿನ ತುಂಡಿನಿಂದ ಕೆರೆಯಬೇಕು. ಸತುವಿನ ಲೇಪವಿರುವ ತಗಡಿನ ಡಬ್ಬಿಗಳಲ್ಲಿ ತುಂಬಬಾರದು.

4. ಗಣಿಯ ಮಣ್ಣನ್ನು ಹೊಲಕ್ಕೆ ಹೊಡೆಯದಿರುವುದು. ಪುಕ್ಕಟೆಯಾಗಿ ಸಿಕ್ಕುವುದೆಂದು ಹಳೆಯ ಗಣಿಯ ರಾಶಿಯ ಮಣ್ಣನ್ನು ತಗ್ಗು ತುಂಬುವುದಕ್ಕೂ, ಬದುವಿಗೂ, ಮನೆಯ ಅಂಗಳಕ್ಕೂ ಹೊಡೆಯುವುದುಂಟು. ಇದು ಕೂಡದು. ಕೆರೆಗೋಡು ಮಣ್ಣು ಉತ್ತಮ ಗೊಬ್ಬರವೇ ಸರಿ. ಆದರೆ ಗಣಿಯ ರಾಶಿಯಿಂದ ನೀರು ಹರಿದು ಬರುವ ಕೆರೆಯ ಹೂಳನ್ನು ಪರೀಕ್ಷೆಯಾಗದೆ ಹರಾಜು ಹಾಕುವುದಾಗಲಿ ಹಂಚುವುದಾಗಲಿ ಸಲ್ಲದು.

5. ಬಳಪದ ಕಲ್ಲಿನ ಸೀಮೆಯ ಹೊಲಕ್ಕೆ ಕೊಟ್ಟಿಗೆ ಗೊಬ್ಬರ ಮತ್ತು ಹಸುರೆಲೆ ಗೊಬ್ಬರವನ್ನು ಧಾರಾಳವಾಗಿ ಹಾಕುವುದು. ಸುಣ್ಣದ ಅಂಶಕ್ಕೆ ಜಿಪ್ಸಮ್ಮನ್ನೂ, ಜೊತೆಗೆ ರಂಜಕ ಮತ್ತು ಪೊಟ್ಯಾಷ್‌ಗಳನ್ನೂ ಮಣ್ಣಿನ ಪರೀಕ್ಷೆಗನುಸಾರವಾಗಿ ಕೊಡತಕ್ಕದ್ದು. ಮಲೆನಾಡಿನ ಹುಳಿಮಣ್ಣಿಗೆ ಸುಣ್ಣವನ್ನು ಹಾಕಿ ಹುಳಿಯನ್ನು ಹತೋಟಿಯಲ್ಲಿಡತಕ್ಕದ್ದು.

6. ಕುಡಿಯುವ ನೀರಿನ ಪರೀಕ್ಷೆ. ಎಲ್ಲಕ್ಕಿಂತ ಮುಖ್ಯವಾದ ಕಾರ್ಯ ಇದೇ. ಹೊಸ ಕೊಳವೆಬಾವಿ ತೋಡಿಸಿದಾಗ ನೀರು ಸಿಕ್ಕಿತೆಂಬ ಸಂತೋಷದಲ್ಲಿ ಪರೀಕ್ಷೆಯನ್ನು ಮರೆಯಬಾರದು. ಚಿನ್ನದ ಶಿಲಾಸಾಲುಗಳ ಸೀಮೆಯಲ್ಲಿ ಪಾಷಾಣಕ್ಕೂ, ಕ್ರೋಮೈಟ್ ಸೀಮೆಯಲ್ಲಿ ಕ್ರೋಮಿಯಮ್ಮಿಗೂ, ಗ್ರಾನೈಟ್ ಸೀಮೆಯ ಆಳದ ಬಾವಿಗಳಲ್ಲಿ ಯುರೇನಿಯಂ ಮತ್ತು ಫ್ಲೋರೈಡಿಗೂ ಪರೀಕ್ಷೆ ಆಗತಕ್ಕದ್ದು. ನೀರನ್ನು ಕುದಿಸಿದರೆ ರೋಗಾಣುಗಳು ಸಾಯುವುವು; ಲೋಹ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಹೆಚ್ಚಾಗುವುದು. ಕೆಟ್ಟದ್ದೆಂದು ಗೊತ್ತಾದ ಬಾವಿಗೆ ಕೆಂಪುಬಣ್ಣ ಬಳಿಸಿ, ಕುಡಿಯುವುದಕ್ಕೂ ಅಡಿಗೆಗೂ ಬೇರೆ ನೀರನ್ನು ಏರ್ಪಡಿಸುವವರೆಗೆ ಮುಖ್ಯಸ್ಥರು ಬಿಡಬಾರದು. ಮಳೆಯ ನೀರು ಬಂಡೆಯನ್ನು ಮುಟ್ಟಿ ಬಂದದ್ದಲ್ಲವಾದ್ದರಿಂದ, ಶುದ್ಧವಾದ ಮಾಳಿಗೆಯಿಂದ ಹಿಡಿದಿಟ್ಟರೆ ಈ ದೋಷಗಳಿಲ್ಲದ ನೀರು ಅದೇ.

7. ಸೊಪ್ಪು ಗೆಡ್ಡೆಗಳನ್ನು ಮಣ್ಣು ಹೋಗುವಂತೆ ತೊಳೆದು ಬಳಸುವಂತೆ ಮನೆಗಳಲ್ಲಿ ತಿಳಿಸುವುದು. ಎಷ್ಟೋ ಸಲ ಲೋಹವು ಸಸ್ಯದ ಒಳಗಿನಿಂದ ಬರುವುದಕ್ಕಿಂತ ಅಂಟಿದ ಧೂಳಿನಿಂದಲೇ ಹೆಚ್ಚಾಗಿ ಹೊಟ್ಟೆಗೆ ಸೇರುವುದು.

ಈ ಕಾರ್ಯಗಳಲ್ಲಿ ಯಾವುದೂ ಹೆಚ್ಚು ಹಣದ ಕೆಲಸವಲ್ಲ. ಒಂದು ಬಾವಿಯ ನೀರಿನ ಪರೀಕ್ಷೆಗೆ ತಗುಲುವ ವೆಚ್ಚವು ಒಬ್ಬ ರೋಗಿಯನ್ನು ಪಟ್ಟಣದ ಆಸ್ಪತ್ರೆಗೆ ಒಂದು ಸಲ ಕರೆದೊಯ್ಯುವ ಖರ್ಚಿಗೆ ಸಮನಾಗದು. ಬಂಡೆಯು ತನ್ನಲ್ಲಿರುವುದನ್ನು ಕೊಡುತ್ತಲೇ ಇರುವುದು. ಅದನ್ನು ತಡೆಯಲು ಯಾರಿಂದಲೂ ಸಾಧ್ಯವಿಲ್ಲ. ಅದು ಕೊಟ್ಟದ್ದರಲ್ಲಿ ಯಾವುದನ್ನು ಹೊಲದಲ್ಲಿಯೇ ಕಟ್ಟಿಹಾಕಬೇಕು, ಯಾವ ನೀರನ್ನು ಊರಿನವರ ಬಾಯಿಗೆ ಬಿಡಬಾರದು ಎಂಬುದು ಮಾತ್ರ ಮನುಷ್ಯರ ಕೈಯಲ್ಲಿದೆ. ಈ ಬೇಸಗೆಯಲ್ಲಿ ಹೊಸ ಕೊಳವೆಬಾವಿ ತೋಡಿಸಲಿರುವ ಗ್ರಾಮಗಳ ಮುಖ್ಯಸ್ಥರು, ಪಂಪನ್ನು ಕೂರಿಸುವುದಕ್ಕೆ ಮುಂಚೆಯೇ ನೀರಿನ ಮಾದರಿಯನ್ನು ಪರೀಕ್ಷೆಗೆ ಕಳುಹಿಸುವುದು ಸರ್ವಥಾ ಶ್ರೇಯಸ್ಕರವಾದುದು.